ಮೂರು ದಿನದ ಆಶು

ಬೇಸಗೆ ಬಂತೆಂದರೆ ನಮ್ಮ ಕಡೆಯ ಊರುಗಳಿಗೆ ಮಾವಿನಹಣ್ಣಿನೊಡನೆ ಇನ್ನೊಂದು ಸರಕೂ ಬಂದಿಳಿಯುವುದು ಈಚಿನ ವರ್ಷಗಳ ರೂಢಿ. ಅದರ ಹೆಸರು ಆಶುನಾಟಕದ ಕಾರ್ಯಾಗಾರ. ಬರೆದಿಟ್ಟ ಮಾತಿನ ಹಂಗಿಲ್ಲದೆ, ಎದುರಿನವನು ಆಡಿದ್ದನ್ನು ಕೇಳಿಕೊಂಡು, ಆ ಗಳಿಗೆಯಲ್ಲೇ ಹುಟ್ಟಿದ ಮಾತಿನಿಂದ ಕಥೆಯನ್ನು ಮುಂದಕ್ಕೆ ಸಾಗಿಸುವುದಕ್ಕೆ ಆಶುನಾಟಕವೆನ್ನುತ್ತಾರೆ. ನಗರದ ತರುಣರ ಬಾಯಲ್ಲಿ ಅದು ‘ಇಂಪ್ರೊವ್’. ಹಾಸನದಲ್ಲಾಗಲಿ, ಹೊಳೆನರಸೀಪುರದಲ್ಲಾಗಲಿ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಾಗಲಿ, ಕೈಗೆ ಬರುವ ಕರಪತ್ರದ ಒಕ್ಕಣೆ ಒಂದೇ: ಅವಧಿ ಮೂರು ದಿನ, ಪೂರ್ವಾನುಭವ ಬೇಕಿಲ್ಲ, ಕೊನೆಯಲ್ಲಿ ಪ್ರಮಾಣಪತ್ರ ಉಂಟು.

ವರ್ಗಾವಣೆಯ ಆಜ್ಞೆ ತಳ್ಳಿದತ್ತ ಹೋಗುತ್ತ, ಈ ನಾಲ್ಕು ಊರುಗಳ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿಕೊಂಡು ಇಪ್ಪತ್ತು ವರ್ಷ ಸವೆಸಿದವನು ನಾನು. ಸಾಂಸ್ಕೃತಿಕ ಕಾರ್ಯಕ್ರಮವೆಂದರೆ ಕುರ್ಚಿ ಹಾಕಿಸುವುದರಿಂದ ವಂದನಾರ್ಪಣೆಯವರೆಗೆ ಕನ್ನಡ ಮೇಷ್ಟರ ಹೆಗಲಿಗೇ ಬೀಳುವುದು ವಾಚಕರಿಗೆ ತಿಳಿಯದ ಸಂಗತಿಯೇನಲ್ಲ. ಹೀಗಾಗಿ ಇಂಥ ಏಳೆಂಟು ಕಾರ್ಯಾಗಾರಗಳನ್ನು ಮೊದಲಿನಿಂದ ಕಡೆಯವರೆಗೆ ಕೂತು ನೋಡುವ ಯೋಗ ನನಗೆ ಒದಗಿದೆ. ನೋಡಿದ ಮೇಲೆ ನನ್ನಲ್ಲಿ ಉಳಿದಿರುವ ವಾದ ಇಷ್ಟು: ಆಶುವೆಂಬುದು ಕಲಿಯದೆ ಬರುವ ವಿದ್ಯೆಯಲ್ಲ, ಬಹಳ ಕಲಿತ ಮೇಲೆ ಬರುವ ವಿದ್ಯೆ. ಅದನ್ನು ಮೂರು ದಿನಕ್ಕೆ ಕತ್ತರಿಸಿ ಹಂಚುವುದು ಮಕ್ಕಳಿಗೆ ಮಾಡುವ ಮೋಸ. ಅದನ್ನು ಕಲಿಸಬೇಕಾಗಿಯೇ ಇಲ್ಲವೆಂದು ಕಾಲೇಜಿನ ಬಾಗಿಲು ಹಾಕಿಕೊಳ್ಳುವುದು ಅದಕ್ಕಿಂತ ದೊಡ್ಡ ಮೋಸ.

ಆ ಮೂರು ದಿನಗಳಲ್ಲಿ ನಡೆಯುವುದೇನೆಂಬುದನ್ನು ಮೊದಲು ನೋಡೋಣ. ಮೊದಲನೆಯ ದಿನ ನಲವತ್ತು ಹುಡುಗ ಹುಡುಗಿಯರು ಸುತ್ತಾಗಿ ನಿಲ್ಲುತ್ತಾರೆ. ಒಬ್ಬ ಚಪ್ಪಾಳೆ ತಟ್ಟಿ ಪಕ್ಕದವನಿಗೆ ದಾಟಿಸುತ್ತಾನೆ. ಅದು ಸುತ್ತಿ ಬಂದು ಮೊದಲಿನವನನ್ನೇ ಸೇರುತ್ತದೆ. ಆಮೇಲೆ ಇಬ್ಬಿಬ್ಬರು ಎದುರುಬದುರಾಗಿ ನಿಂತು, ಒಬ್ಬ ಮನುಷ್ಯನೂ ಒಬ್ಬ ಕನ್ನಡಿಯೂ ಆಗುತ್ತಾರೆ. ಎರಡನೆಯ ದಿನ ಅರ್ಥವಿಲ್ಲದ ಶಬ್ದಗಳಲ್ಲಿ ಜಗಳವಾಡುತ್ತಾರೆ. ಎದುರಿನವನು ಏನಂದರೂ ಇಲ್ಲವೆನ್ನದೆ ಒಪ್ಪಿಕೊಂಡು, ಅದರ ಮೇಲೆ ತನ್ನದೊಂದು ಮಾತು ಸೇರಿಸುವ ಆಟವಾಡುತ್ತಾರೆ. ಮೂರನೆಯ ದಿನ ಮಧ್ಯಾಹ್ನ ಪ್ರದರ್ಶನ. ಸ್ಥಳ ಸಾಮಾನ್ಯವಾಗಿ ಬಸ್‌ಸ್ಟ್ಯಾಂಡು, ಇಲ್ಲವೆ ಆಸ್ಪತ್ರೆ. ಒಬ್ಬ ಕುಡುಕ ಬರುತ್ತಾನೆ, ಎಲ್ಲರೂ ನಗುತ್ತಾರೆ. ಒಬ್ಬ ಪೊಲೀಸಿನವನು ಬರುತ್ತಾನೆ, ಇನ್ನಷ್ಟು ನಗುತ್ತಾರೆ. ಮಾತು ನಿಂತುಹೋದಾಗ ಯಾರಾದರೊಬ್ಬರು ಸಿನಿಮಾದ ಡೈಲಾಗು ಹೊಡೆಯುತ್ತಾರೆ, ಚಪ್ಪಾಳೆ ಬೀಳುತ್ತದೆ. ಪ್ರಾಂಶುಪಾಲರು ಪ್ರಮಾಣಪತ್ರ ಹಂಚುತ್ತಾರೆ. ಅದರ ಫೋಟೋ ಮಕ್ಕಳ ವಾಟ್ಸಪ್ಪಿಗೆ ಒಂದು ಪ್ರತಿ, ಕಾಲೇಜಿನ ಗುಣಮಟ್ಟ ಅಳೆಯಲು ಬರುವ ಸಮಿತಿಯ ಕಡತಕ್ಕೆ ಒಂದು ಪ್ರತಿ. ನಾಲ್ಕನೆಯ ದಿನ ಶಿಬಿರದ ಗುರುಗಳು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಐದನೆಯ ದಿನ ಆ ನಲವತ್ತು ಮಂದಿ ಎಂದಿನಂತೆ ಹಿಂದಿನ ಬೆಂಚುಗಳಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ. ಕೇಳಿದ ಪ್ರಶ್ನೆಗೆ ಒಂದು ಸ್ವಂತ ವಾಕ್ಯ ಅವರ ಬಾಯಿಂದ ಹೊರಡುವುದಿಲ್ಲ.

ಈ ಆಟಗಳನ್ನೇ ನಾನು ಹಳಿಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅವಕ್ಕೆ ದೊಡ್ಡ ವಂಶವಿದೆ. ಆ ವಂಶದ ಕಥೆಯೇ ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ. ಇವುಗಳಲ್ಲಿ ಬಹುಪಾಲನ್ನು ರೂಢಿಗೆ ತಂದವಳು ಅಮೆರಿಕದ ಶಿಕಾಗೋ ನಗರದ ವಯೊಲಾ ಸ್ಪೋಲಿನ್ (1906–1994). ಆಟದ ಮೂಲಕ ಮಕ್ಕಳಿಗೆ ಕಲಿಸುವ ಕ್ರಮವನ್ನು ಈಕೆ 1924ರಲ್ಲಿ ನೀವಾ ಬಾಯ್ಡ್ ಎಂಬ ಶಿಕ್ಷಕಿಯ ಬಳಿ ಕಲಿಯತೊಡಗಿದಳು. 1939ರಲ್ಲಿ ಸರ್ಕಾರದ ಯೋಜನೆಯೊಂದಕ್ಕೆ ಸೇರಿ, ಪರದೇಶಗಳಿಂದ ವಲಸೆ ಬಂದ ಬಡವರ ಮಕ್ಕಳಿಗೆ ನಾಟಕ ಹೇಳಿಕೊಟ್ಟಳು. ಒಂದು ಮಗುವಿನ ಭಾಷೆ ಇನ್ನೊಂದಕ್ಕೆ ತಿಳಿಯದ ಕಡೆ ನಾಚಿಕೆ ಬಿಡಿಸಿ ಒಟ್ಟಿಗೆ ಕೆಲಸ ಮಾಡಿಸಬೇಕಾಗಿತ್ತು. ಅದಕ್ಕಾಗಿ ಹುಟ್ಟಿದವು ಈ ಆಟಗಳು. ಆಕೆಯ ಪುಸ್ತಕ ಅಚ್ಚಾದದ್ದು 1963ರಲ್ಲಿ. ಮೊದಲ ಪಾಠದಿಂದ ಪುಸ್ತಕದವರೆಗೆ ಲೆಕ್ಕ ಹಾಕಿದರೆ ಮೂವತ್ತೊಂಬತ್ತು ವರ್ಷ! ಇಂಗ್ಲೆಂಡಿನ ಕೀತ್ ಜಾನ್‌ಸ್ಟನ್ (1933–2023) ಮೊದಲು ಶಾಲಾ ಮೇಷ್ಟ್ರಾಗಿ, ಆಮೇಲೆ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ, ಅನಂತರ ಕೆನಡಾದಲ್ಲಿ ಇದೇ ಕೆಲಸದಲ್ಲಿ ಮುಳುಗಿದ್ದು 1979ರಲ್ಲಿ ತನ್ನ ಪುಸ್ತಕ ಹೊರತಂದ. ಇವರು ಕೂಡಿಟ್ಟದ್ದನ್ನು ನಮ್ಮವರು ಮೂರು ದಿನದಲ್ಲಿ ಖರ್ಚು ಮಾಡಿ ಮುಗಿಸುತ್ತಾರೆ.

ಇನ್ನೂ ಹಿಂದಕ್ಕೆ ಹೋದರೂ ಕಥೆ ಬೇರೆಯಲ್ಲ. ಹದಿನಾರನೆಯ ಶತಮಾನದ ಇಟಲಿಯಲ್ಲಿ ಮುಖವಾಡ ತೊಟ್ಟು ಊರೂರಿನ ಚೌಕಗಳಲ್ಲಿ ಆಡುತ್ತಿದ್ದ ಮೇಳಗಳಿದ್ದವು. ಅವರಿಗೆ ಬರೆದ ಸಂಭಾಷಣೆ ಇರಲಿಲ್ಲ; ಕಥೆಯ ಹಂದರವಷ್ಟೇ ಇರುತ್ತಿತ್ತು. ಫ್ಲಾಮಿನಿಯೊ ಸ್ಕಾಲಾ ಎಂಬಾತ ಅಂಥ 50 ಹಂದರಗಳನ್ನು 1611ರಲ್ಲಿ ಅಚ್ಚು ಹಾಕಿಸಿದ. ಅವನ್ನು ಓದಿದರೆ, ಇಷ್ಟರ ಮೇಲೆ ಗಂಟೆಗಟ್ಟಲೆ ಹೇಗೆ ಆಡಿದರೆಂದು ಬೆರಗಾಗುತ್ತದೆ. ಗುಟ್ಟು ಇಷ್ಟೇ: ಒಬ್ಬ ನಟ ಒಂದೇ ಪಾತ್ರವನ್ನು ವರ್ಷಾನುಗಟ್ಟಲೆ ಹಿಡಿಯುತ್ತಿದ್ದ, ಆ ಪಾತ್ರಕ್ಕೆ ಒಪ್ಪುವ ಚಾಟೂಕ್ತಿ, ಬೈಗುಳ, ಪ್ರಣಯದ ಮಾತುಗಳನ್ನು ಕೂಡಿಟ್ಟು ಬಾಯಿಪಾಠ ಮಾಡಿಕೊಂಡಿರುತ್ತಿದ್ದ. ಬಾವಿಯಲ್ಲಿದ್ದರೆ ತಾನೇ ಕೊಡಕ್ಕೆ ಬರುವುದು?

ಇನ್ನು ಎದುರು ಪಕ್ಷದವರನ್ನು ಸ್ವಲ್ಪ ವಿಚಾರಿಸಿಕೊಳ್ಳಬೇಕು. ಅವರು ನನ್ನ ಸಹೋದ್ಯೋಗಿಗಳೇ, ಸಜ್ಜನರೇ. ಅವರು ಹೇಳುವುದು: “ಆಶುವೆಂದರೆ ಪ್ರತಿಭೆ. ಅದು ಹುಟ್ಟಿನಿಂದ ಬರಬೇಕು. ಇದ್ದವನಿಗೆ ಕಲಿಸಬೇಕಾಗಿಲ್ಲ, ಇಲ್ಲದವನಿಗೆ ಕಲಿಸಿ ಫಲವಿಲ್ಲ.” ಕೇಳುವುದಕ್ಕೆ ಚೆಂದವಾದ ವಾದ, ಆಡಿದವನಿಗೆ ಯಾವ ಕೆಲಸವನ್ನೂ ಹಚ್ಚದಿರುವುದು ಇದರ ವಿಶೇಷ ಗುಣ.

ಇದು ಹುಸಿಯೆಂದು ತಿಳಿಯಲು ದೂರ ಹೋಗಬೇಕಾದ್ದಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ರುದ್ರಪಟ್ಟಣಕ್ಕೆ ಹೋದರೆ ಸಾಕು. ಸಂಗೀತಗಾರರ ಊರೆಂದೇ ಅದು ಪ್ರಸಿದ್ಧ. ಆರ್. ಕೆ. ಶ್ರೀಕಂಠನ್ (1920–2014) ಹುಟ್ಟಿದ್ದು ಅಲ್ಲಿ; ರುದ್ರಪಟ್ಟಣಂ ಸಹೋದರರ ಹೆಸರಿನಲ್ಲೇ ಊರಿದೆ. ಕರ್ನಾಟಕ ಸಂಗೀತದಲ್ಲಿ ಮನೋಧರ್ಮವೆನ್ನುವುದು ಅಪ್ಪಟ ಆಶುವೇ. ರಾಗಾಲಾಪನೆಗೆ ಬರೆದಿಟ್ಟ ಸಾಹಿತ್ಯವಿಲ್ಲ. ನೆರವಲು, ಕಲ್ಪನಾಸ್ವರಗಳು ಕಛೇರಿಯಲ್ಲೇ ಹುಟ್ಟಬೇಕು. ಆದರೆ ಅಲ್ಲಿಗೆ ಮುಟ್ಟುವ ದಾರಿ ಯಾವುದು? ಸರಳೆ, ಜಂಟಿವರಸೆ, ಅಲಂಕಾರ, ಗೀತೆ, ವರ್ಣ, ಆಮೇಲೆ ಕೃತಿಗಳು, ಅವು ಒಂದೆರಡಲ್ಲ, ನೂರಾರು. ಕೃತಿಗಳಲ್ಲಿ ಮೈಗೂಡಿದ ರಾಗ ಕಟ್ಟಕಡೆಗೆ ಆಲಾಪನೆಯಾಗಿ ಹೊರಗೆ ಬರುತ್ತದೆ. “ಸರಳೆ ಬೇಕಿಲ್ಲ, ಮೂರು ದಿನದಲ್ಲಿ ಕಲ್ಪನಾಸ್ವರ ಕಲಿಸುತ್ತೇವೆ” ಎಂದು ಯಾರಾದರೂ ರುದ್ರಪಟ್ಟಣದಲ್ಲಿ ಕರಪತ್ರ ಹಂಚಿದರೆ ಊರಿನವರು ಅವರನ್ನು ಕೂರಿಸಿ, ಕಾಫಿ ಕೊಟ್ಟು, ಮರ್ಯಾದೆಯಿಂದ ಬಸ್ಸು ಹತ್ತಿಸಿಯಾರು. ರಾಗದ ವಿಷಯದಲ್ಲಿ ನಗೆಪಾಟಲಾಗುವುದು ಮಾತಿನ ವಿಷಯದಲ್ಲಿ ಮಾತ್ರ ನಡೆದುಹೋಗುತ್ತಿದೆ.

ಮಾತಿನ ವಿಷಯವನ್ನೇ ಹಿಡಿಯೋಣ. ಘಟ್ಟದ ಕೆಳಗೆ, ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ, ತಾಳಮದ್ದಳೆಯೆಂಬ ಕೂಟವಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿ ಕೂತಲ್ಲೇ ಕೂತು ಅದಕ್ಕೆ ಮಾತು ಕಟ್ಟುತ್ತಾನೆ. ಪದ್ಯ ಬರೆದದ್ದು; ಮಾತು ಬರೆದದ್ದಲ್ಲ. ವಾಲಿ ರಾಮನನ್ನು ಪ್ರಶ್ನಿಸುವಾಗ ರಾಮನ ಅರ್ಥಧಾರಿಗೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಮಾತಿಗೆ ಇದಿರು ಕೂರುವವರು ಎಚ್ಚರವಾಗಿಯೇ ಕೂರುತ್ತಿದ್ದರು. ಇಂಥ ನಾಲಗೆ ಮೂರು ದಿನದಲ್ಲಿ ಮಸೆದದ್ದಲ್ಲ. ಊರಿನ ಸಂಘದ ಕೂಟದಲ್ಲಿ ಮೊದಲು ದೂತನ ಅರ್ಥ. ಎರಡು ಮಾತಾಡಿ ಸುಮ್ಮನಾಗಬೇಕು, ಹಿರಿಯರ ಮಾತನ್ನು ರಾತ್ರಿಯಿಡೀ ಕೇಳಬೇಕು. ಮನೆಯಲ್ಲಿ ಕುಮಾರವ್ಯಾಸನನ್ನೂ ತೊರವೆ ರಾಮಾಯಣವನ್ನೂ ಜೈಮಿನಿಯನ್ನೂ ಓದಬೇಕು. ತಪ್ಪಿದರೆ ಕೂಟ ಮುಗಿದ ಮೇಲೆ ಭಾಗವತರು ತಿದ್ದುತ್ತಾರೆ. ಸಭೆಯಲ್ಲೇ ಎದುರಿನ ಅರ್ಥಧಾರಿ ತಿದ್ದುವುದೂ ಉಂಟು, ಅದು ಇನ್ನೂ ಖಾರ. ಹೀಗೆ ಬೆಳೆದ ಮಾತು ರಂಗದ ಮೇಲಷ್ಟೇ ಉಳಿಯಲಿಲ್ಲವೆಂಬುದಕ್ಕೆ ಒಂದು ನಿದರ್ಶನ: ಹೆಸರಾಂತ ಅರ್ಥಧಾರಿ ಕುಂಬ್ಳೆ ಸುಂದರ ರಾವ್ (1934–2022) 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ಶಾಸಕರಾಗಿ ವಿಧಾನಸಭೆಗೆ ಹೋದರು.

ಅವಧಾನದ್ದೂ ಇದೇ ಪಾಠ. ಶತಾವಧಾನಿ ಆರ್. ಗಣೇಶರು 1,000ಕ್ಕೂ ಹೆಚ್ಚು ಅಷ್ಟಾವಧಾನಗಳನ್ನು ನಡೆಸಿದವರು. ನಿಷೇಧಾಕ್ಷರಿಯಲ್ಲಿ ಪೃಚ್ಛಕರು ಇಂಥ ಅಕ್ಷರ ಬೇಡವೆಂದು ಹೆಜ್ಜೆಹೆಜ್ಜೆಗೂ ಅಡ್ಡ ಕಟ್ಟುತ್ತಾರೆ. ಅಪ್ರಸ್ತುತ ಪ್ರಸಂಗದವರು ನಡುನಡುವೆ ಬಾಯಿ ಹಾಕಿ ಕೆಣಕುತ್ತಾರೆ. ಅಷ್ಟರ ನಡುವೆ ಛಂದಸ್ಸು ಕೆಡದ ಪದ್ಯ ಹೊರಡಬೇಕು. ಆಶು ಬೆಳೆಯುವುದು ಕಟ್ಟಿಲ್ಲದ ಬಯಲಿನಲ್ಲಲ್ಲ, ಕಟ್ಟಿನೊಳಗೆ, ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

“ಅದೆಲ್ಲ ಕರಾವಳಿಯ ಮಾತು, ಪಂಡಿತರ ಮಾತು, ನಮ್ಮ ಬಯಲುಸೀಮೆಯ ಹಳ್ಳಿಯವರಿಗೆ ಅದೆಲ್ಲಿ ಬರಬೇಕು?” ಎನ್ನುವವರಿದ್ದಾರೆ. ಅವರು ಮೂಡಲಪಾಯವನ್ನು ಮರೆತಿದ್ದಾರೆ. ತುಮಕೂರು, ಮಂಡ್ಯ, ಹಾಸನದ ಕಡೆಯ ಈ ಬಯಲಾಟವನ್ನು ಜೀ. ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಊರೂರು ಸುತ್ತಿ ಲೋಕಕ್ಕೆ ತೋರಿಸಿಕೊಟ್ಟರು. ಅದರಲ್ಲಿ ರಾಜನ ಮಾತು ಬಹುಮಟ್ಟಿಗೆ ಬಾಯಿಪಾಠ; ಗಂಟಲು ಬಿರಿಯುವ ಗ್ರಾಂಥಿಕ. ಅವನ ಪಕ್ಕದಲ್ಲೇ ಹಾಸ್ಯಗಾರನಾದ ಹನುಮನಾಯಕ ನಿಂತಿರುತ್ತಾನೆ; ಅವನ ಬಾಯಿಗೆ ಬೇಲಿಯಿಲ್ಲ. ಅವನು ಊರಿನ ಆಡುಮಾತಿನಲ್ಲಿ, ಊರಿನ ಅಂದಿನ ಸುದ್ದಿ ಸೇರಿಸಿ, ರಾಜನನ್ನು ಯಾರು ಎತ್ತ ಎಂದು ವಿಚಾರಿಸುತ್ತಾನೆ. ಒಂದೇ ಅಟ್ಟದ ಮೇಲೆ ಪಾಠವೂ ಆಶುವೂ ಜೊತೆಯಾಗಿ ನಿಲ್ಲುವ ಈ ಏರ್ಪಾಡು ನೋಡಿ! ಭಾಗವತರು ತಿಂಗಳುಗಟ್ಟಲೆ ಊರಿನಲ್ಲಿ ಉಳಿದು, ಹೊಲದ ಕೆಲಸ ಮುಗಿದ ಮೇಲೆ ರಾತ್ರಿ ಕಲಿಸುತ್ತಿದ್ದರು. ಇಂದಿಗೂ ನಮ್ಮ ತಾಲ್ಲೂಕುಗಳಲ್ಲಿ ಕುರುಕ್ಷೇತ್ರ ಆಡುವ ಊರುಗಳಿವೆ. ಇಂದಿಗೂ ಹಾರ್ಮೋನಿಯಂ ಮೇಷ್ಟ್ರು ಬಂದು, ದುಡ್ಡು ಕೊಟ್ಟು ಪಾರ್ಟು ಹಿಡಿದ ರೈತನ ಬಾಯಲ್ಲಿ ದುರ್ಯೋಧನನನ್ನು ಮಾತಾಡಿಸುತ್ತಾರೆ. ಆ ಮೇಷ್ಟರಿಗೆ ಗೊತ್ತಿರುವಷ್ಟು ಸಹನೆ ನಮ್ಮ ವಿದ್ಯಾವಂತರಿಗೆ ಗೊತ್ತಿಲ್ಲ.

ಕಂಪನಿ ನಾಟಕದಲ್ಲಿ ಮಾಸ್ಟರ್ ಹಿರಣ್ಣಯ್ಯನವರನ್ನು (1934–2019) ನೆನೆಯದಿದ್ದರೆ ಈ ಲೇಖನ ಪೂರ್ತಿಯಾಗದು. ‘ಲಂಚಾವತಾರ’ದಲ್ಲಿ ಬೆಳಗಿನ ಪತ್ರಿಕೆಯ ಸುದ್ದಿ ಸಂಜೆಗೆ ಅವರ ಮಾತಿನಲ್ಲಿ ಬಂದು ಕೂರುತ್ತಿತ್ತು. ಮಂತ್ರಿಗಳಿರಲಿ, ಅಧಿಕಾರಿಗಳಿರಲಿ, ಯಾರಿಗೂ ವಿನಾಯಿತಿ ಇರಲಿಲ್ಲ. ಸಭಿಕರಿಗೆ ಅದು ನೀರು ಕುಡಿದಷ್ಟು ಸಲೀಸಾಗಿ ಕಾಣುತ್ತಿತ್ತು. ಆದರೆ ಅವರು ತಂದೆ ಕೆ. ಹಿರಣ್ಣಯ್ಯನವರ ಕಂಪನಿಯ ನೆರಳಿನಲ್ಲಿ ಬೆಳೆದವರು. 1953ರಲ್ಲಿ ತಂದೆ ತೀರಿಕೊಂಡ ಮೇಲೆ ಹತ್ತೊಂಬತ್ತರ ಹರೆಯದಲ್ಲಿ ಆ ಹೊರೆ ಹೊತ್ತವರು. ಒಂದೇ ನಾಟಕವನ್ನು ಸಾವಿರಾರು ಸಲ ಆಡಿದವರಿಗೆ ಯಾವ ಜಾಗದಲ್ಲಿ ಹೊಸ ಮಾತಿಗೆ ಎಡೆಯಿದೆ, ಯಾವ ಜಾಗದಲ್ಲಿ ಇಲ್ಲ ಎಂಬುದು ಕಾಲಿಗೆ ಮನೆಯ ಹೊಸ್ತಿಲು ತಿಳಿಯುವಂತೆ ತಿಳಿದಿರುತ್ತದೆ.

ಇಷ್ಟೆಲ್ಲದರಿಂದ ಹೊರಡುವ ತಾತ್ಪರ್ಯ ಏನು? ಆಶುವಿಗೆ ನಾಲ್ಕು ಕಂಬಗಳು ಬೇಕು. ಮೊದಲನೆಯದು ಗಂಟು: ಕಥೆ, ಗಾದೆ, ಪದ್ಯ, ಲೋಕಾನುಭವಗಳ ಸಂಗ್ರಹ. ಎರಡನೆಯದು ಕಟ್ಟು: ಇಷ್ಟರೊಳಗೆ ಆಡಬೇಕೆಂಬ ನಿಯಮ. ಮೂರನೆಯದು ತಿದ್ದುವವರು. ನಾಲ್ಕನೆಯದು ಮತ್ತೆ ಮತ್ತೆ ಬಂದು ಕೂರುವ, ಹೋದ ಸಲಕ್ಕಿಂತ ಈ ಸಲ ಹೇಗಿತ್ತೆಂದು ಹೇಳಬಲ್ಲ ಸಭಿಕರು. ಮೂರು ದಿನದ ಕಾರ್ಯಾಗಾರದಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಅಲ್ಲಿ ನಾಚಿಕೆ ಬಿಡಿಸುತ್ತಾರೆ, ಒಪ್ಪಿದೆ. ಆದರೆ ನಾಚಿಕೆ ಬಿಟ್ಟ ಬಾಯಿಗೆ ಆಡಲು ಏನನ್ನೂ ಕೊಡುವುದಿಲ್ಲ. ಆದ್ದರಿಂದಲೇ ಕುಡುಕ, ಪೊಲೀಸು, ಸಿನಿಮಾ ಡೈಲಾಗು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ನಮ್ಮ ಹಿರಿಯರು ಕೇಳಿದ್ದು ಗೈಡು ಉರುಹೊಡೆಯುವವರನ್ನು ಕುರಿತು ಎಂದು ನಾವು ತಿಳಿದಿದ್ದೇವೆ. ಮೂರು ದಿನದ ಆಶುವೂ ಕಟ್ಟಿಕೊಟ್ಟ ಬುತ್ತಿಯೇ; ಹಾಸನದ ಗಡಿ ದಾಟುವುದರೊಳಗೆ ಹಳಸುತ್ತದೆ.

ನಾಟಕದ ಒಂದು ಆಟಕ್ಕೆ ಇಷ್ಟು ಕೋಪವೇಕೆಂದು ಕೇಳಬಹುದು. ಹೇಳುತ್ತೇನೆ. ನನ್ನ ತರಗತಿಯಲ್ಲಿ ಹೊಳೆನರಸೀಪುರದ ಕಡೆಯ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಮೂರು ವರ್ಷದಲ್ಲಿ ಆಕೆ ಪಾಠದ ವೇಳೆ ಆಡಿದ್ದು “ಹೂಂ ಸಾರ್” ಎಂಬ ಎರಡೇ ಪದ. ಒಂದು ದಿನ ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ ಆಕೆ ತಂದೆಯ ಪರವಾಗಿ ದಲ್ಲಾಳಿಯೊಡನೆ ವಾದ ಮಾಡುವುದು ನನ್ನ ಕಿವಿಗೆ ಬಿತ್ತು: “ಅದ್ಯಾಕಣ್ಣೋ, ನಿಮ್ ತಕ್ಕಡಿ ನಮ್ ಹೊಲದ್ ಗೆಡ್ಡೆ ಕಂಡ್ರೆ ಮಾತ್ರ ಮಕ ತಿರುಗಿಸ್ತದೆ?” ಸುತ್ತಲಿದ್ದವರು ನಕ್ಕರು, ದಲ್ಲಾಳಿಯೂ ನಕ್ಕ, ಮತ್ತೊಮ್ಮೆ ತೂಗಿದ. ಇದಕ್ಕಿಂತ ಒಳ್ಳೆಯ ಆಶು ಯಾವ ರಂಗದ ಮೇಲಿದೆ? ಗಂಟು ಇದೆ, ಎದುರಾಳಿ ಇದ್ದಾನೆ, ಸಭೆ ಇದೆ, ಗೆದ್ದರೆ ಲಾಭವೂ ಇದೆ. ಅದೇ ಹುಡುಗಿ ಪರೀಕ್ಷಕರು ಗೈಡಿನಲ್ಲಿಲ್ಲದ ಒಂದು ಪ್ರಶ್ನೆ ಕೇಳಿದಾಗ ಕಣ್ಣೀರು ಹಾಕಿಕೊಂಡು ಹೊರಗೆ ಬಂದಳು.

ಆ ಬಾಯಿ ಮಂಡಿಯಿಂದ ಕಾಲೇಜಿಗೆ ಬರುವ ದಾರಿಯಲ್ಲಿ ಎಲ್ಲಿ ಕಟ್ಟಿಹೋಯಿತು? ಕಾಲೇಜಿನ ಹೊಸ್ತಿಲಲ್ಲಿ. ಇಲ್ಲಿ ಆಡುವ ಭಾಷೆ ಬೇರೆ, ಆಡುವ ವಿಷಯ ಬೇರೆ, ತಪ್ಪಿದರೆ ನಗುವವರು ಬೇರೆ ಎಂದು ಅವಳಿಗೆ ಮೊದಲ ದಿನವೇ ತಿಳಿದುಹೋಯಿತು. ಇಂಥವರು ನಾಳೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲಬೇಕಾದವರು. 1993ರ ಪಂಚಾಯತ್ ರಾಜ್ ಕಾಯಿದೆ ಅವರಿಗೆ ಸಭೆಯಲ್ಲಿ ಕೂರುವ ಹಕ್ಕು ಕೊಟ್ಟಿದೆ. ಎದ್ದು ಕೇಳುವ ನಾಲಗೆಯನ್ನು ಯಾವ ಕಾಯಿದೆಯೂ ಕೊಡಲಾರದು. ಕಾಗದವಿಲ್ಲದೆ ಮಾತಾಡಬಲ್ಲವನು ಕಾಗದವಿಲ್ಲದೆ ಮಾತಾಡಲಾರದವನನ್ನು ಆಳುತ್ತಾನೆ. ಇದು ಹಳ್ಳಿಯಲ್ಲೂ ನಿಜ, ದಿಲ್ಲಿಯಲ್ಲೂ ನಿಜ. ಆದ್ದರಿಂದ ಆಶುವಿನ ಶಿಕ್ಷಣ ನನಗೆ ಬೇಸಗೆಯ ವಿನೋದವಲ್ಲ.

ಕಾರ್ಯಾಗಾರಗಳಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಿಬಿಡುತ್ತೇನೆ. ಹಳೆಯ ಮೂಡಲಪಾಯದ ಅಟ್ಟದ ಮೇಲೆ ಹೆಣ್ಣುವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ಈ ಹೊಸ ಶಿಬಿರಗಳ ಸುತ್ತಿನಲ್ಲಿ ಹೆಣ್ಣುಮಕ್ಕಳು ಹುಡುಗರಿಗೆ ಸರಿಸಮನಾಗಿ ನಿಲ್ಲುತ್ತಾರೆ; ಯಾವ ಕೇರಿಯವರೆಂದು ಯಾರೂ ಕೇಳುವುದಿಲ್ಲ. ಇದು ಸಣ್ಣ ಲಾಭವಲ್ಲ, ಇದನ್ನು ಕಳೆದುಕೊಂಡು ಹಳೆಯದಕ್ಕೆ ಮರಳಬೇಕೆಂದು ನಾನು ಹೇಳುವುದಿಲ್ಲ. ಬಾಗಿಲು ತೆರೆದವರು ಅವರು; ನನ್ನ ತಕರಾರು ಬಾಗಿಲು ತೆರೆದು, ಒಳಗೆ ಮನೆಯನ್ನೇ ಕಟ್ಟದೆ ಹೊರಟುಹೋಗುವುದರ ಮೇಲೆ. ದೀರ್ಘ ಶಿಕ್ಷಣದ ಮಾದರಿಗಳು ಕನ್ನಡ ನಾಡಿನಲ್ಲಿ ಇಲ್ಲದೆ ಇಲ್ಲ. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದಾ­ಗ ಮೂರು ದಿನವೆನ್ನಲಿಲ್ಲ. ವಿದ್ಯಾರ್ಥಿಗಳನ್ನು ಹಳ್ಳಿಯಲ್ಲೇ ಇರಿಸಿಕೊಂಡು ವರ್ಷಾವಧಿ ಕಲಿಸಿತು. ಉಡುಪಿಯ ಎಂ.ಜಿ.ಎಂ. ಕಾಲೇಜು 1971ರಲ್ಲಿ ಯಕ್ಷಗಾನ ಕೇಂದ್ರವನ್ನೇ ಸ್ಥಾಪಿಸಿತು. ಅದೂ ಕಾಲೇಜೇ, ಅಲ್ಲಿಯೂ ಪಾಠ ಪರೀಕ್ಷೆಗಳಿದ್ದವು. 1989ರಲ್ಲಿ ಬಿ. ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣ ನಮಗೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ.

“ಪಠ್ಯಕ್ರಮ ಮುಗಿಸಲೇ ಹೊತ್ತಿಲ್ಲ, ಇದಕ್ಕೆಲ್ಲಿಂದ ತರುವುದು?” ಎಂಬ ಆಕ್ಷೇಪಕ್ಕೆ ಸಣ್ಣದೊಂದು ಲೆಕ್ಕ ಒಪ್ಪಿಸುತ್ತೇನೆ. ಮೂರು ದಿನ, ದಿನಕ್ಕೆ ಆರು ಗಂಟೆಯಂತೆ, 18 ಗಂಟೆ. ಅದಕ್ಕಾಗಿ ಇಡೀ ಕಾಲೇಜಿನ ಪಾಠ ನಿಲ್ಲುವುದೂ ಉಂಟು. ವಾರಕ್ಕೆ ಒಂದು ಸಂಜೆ, ಎರಡು ಗಂಟೆಯಂತೆ, ವರ್ಷದಲ್ಲಿ 30 ವಾರ ನಡೆಸಿದರೆ 60 ಗಂಟೆ. ಒಂದು ಪಾಠವೂ ನಿಲ್ಲಬೇಕಾಗಿಲ್ಲ. ದುಡ್ಡಿಲ್ಲವೆನ್ನುವವರಿಗೆ, ಹೊರಗಿನ ಗುರುಗಳ ಪ್ರಯಾಣ, ವಸತಿ, ಬ್ಯಾನರು, ಹಾರ, ಸ್ಮರಣಿಕೆಗಳಿಗಾಗುವ ವೆಚ್ಚವನ್ನು ಊರಿನ ಒಬ್ಬ ಡ್ರಾಮಾ ಮೇಷ್ಟರಿಗೆ ತಿಂಗಳು ತಿಂಗಳು ಕೊಟ್ಟು ನೋಡಿ ಎನ್ನುತ್ತೇನೆ.

ಆ ವಾರದ ತರಗತಿಯಲ್ಲಿ ನಡೆಯಬೇಕಾದ್ದು ಏನೆಂಬುದನ್ನೂ ಹೇಳಬೇಕಲ್ಲ. ವರ್ಷಕ್ಕೆ ಒಂದೇ ಕಥೆಯನ್ನು ಹಿಡಿಯಲಿ. ಅದು ಕರ್ಣನದಿರಬಹುದು, ಪುರಾಣ ಒಲ್ಲದವರಿಗೆ ಊರ ಕೆರೆಯದಿರಬಹುದು, ಗೆಡ್ಡೆಯ ಬೆಲೆ ಬಿದ್ದ ವರ್ಷದ್ದಿರಬಹುದು. ಎಲ್ಲರಿಗೂ ಗೊತ್ತಿರುವ ಕಥೆಯಾದರೆ ಸಾಕು. ಮುಂದೇನಾಗುವುದೆಂಬ ಚಿಂತೆಯಿಲ್ಲದಾಗ ಏನಾಡಬೇಕೆಂಬ ಕಡೆಗೆ ಬುದ್ಧಿ ಹೋಗುತ್ತದೆ. ಮೊದಲ ಎರಡು ತಿಂಗಳು ಆ ಕಥೆಯನ್ನು ಓದಲಿ, ಕೇಳಲಿ, ಮನೆಯ ಅಜ್ಜಿಯರ ಬಾಯಿಂದ ಗಾದೆ ಒಗಟು ತರಲಿ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಪುಸ್ತಕಗಳನ್ನು ತೆರೆದು, ಹೇಮಾವತಿಯ ದಂಡೆಯ ಜನ ಹೇಗೆ ಮಾತಾಡುತ್ತಿದ್ದರೆಂಬುದನ್ನು ಗಟ್ಟಿಯಾಗಿ ಓದಲಿ. ಕನ್ನಡಿಯ ಆಟ, ಚಪ್ಪಾಳೆಯ ಆಟಗಳೂ ಇರಲಿ. ಅವು ಮೈ ಸಡಿಲಿಸಲಿ. ಮೂರನೆಯ ತಿಂಗಳಿನಿಂದ ಇಬ್ಬಿಬ್ಬರು ಎದುರು ಕೂತು, ಭಾಗವತರೋ ಮೇಷ್ಟರೋ ಕೊಟ್ಟ ಸಂದರ್ಭಕ್ಕೆ ಮಾತು ಕಟ್ಟಲಿ. ಮನೆಯ ಮಾತಿನಲ್ಲೇ ಕಟ್ಟಲಿ. ‘ಐತೆ’ ಎಂದವನನ್ನು ‘ಇದೆ’ ಎನ್ನು ಎಂದು ಬಾಯಿ ಮುಚ್ಚಿಸುವ ಕೆಲಸವನ್ನು ಕನ್ನಡ ಮೇಷ್ಟರು ಆ ಎರಡು ಗಂಟೆಯಾದರೂ ಬಿಡಲಿ. ಆದರೆ ಹುರುಳಿಲ್ಲದ ಮಾತಾಡಿದಾಗ, ಎದುರಿನವನ ಮಾತನ್ನು ಕೇಳದೆ ತನ್ನದನ್ನೇ ಹೇಳಿದಾಗ, ನಗೆಗಾಗಿ ಕಥೆಯನ್ನು ಕೆಡಿಸಿದಾಗ, ನಿಲ್ಲಿಸಿ ತಿದ್ದಲೇಬೇಕು. ತಿದ್ದದೆ ಎಲ್ಲಕ್ಕೂ ಚಪ್ಪಾಳೆ ತಟ್ಟುವುದು ಔದಾರ್ಯವಲ್ಲ, ಉದಾಸೀನ. ತಿಂಗಳಿಗೊಮ್ಮೆ ಊರಿನವರನ್ನು ಕರೆದು ಕೂರಿಸಲಿ. ಹತ್ತು ಕುರ್ಚಿ ತುಂಬಿದರೂ ಸಾಕು, ಮುಂದಿನ ತಿಂಗಳು ಅದೇ ಹತ್ತು ಮಂದಿ ಬರುವಂತಿರಬೇಕು.

ಕಡೆಯದಾಗಿ ಪ್ರಮಾಣಪತ್ರ. ಅದನ್ನು ನಿಲ್ಲಿಸಿಬಿಡಬೇಕು. ಹನುಮನಾಯಕನಿಗೆ ಯಾರೂ ಪ್ರಮಾಣಪತ್ರ ಕೊಡಲಿಲ್ಲ. ಊರಿನವರು ಮುಂದಿನ ವರ್ಷವೂ ಅವನನ್ನೇ ಕರೆದರು, ಅದೇ ಪ್ರಮಾಣ. ಹೊರಗಿನಿಂದ ಬರುವ ಕಾರ್ಯಾಗಾರದ ಮಿತ್ರರು ಬರಲಿ, ಸಂತೋಷ. ಬಂದವರು ಮತ್ತೆ ಬರುವ ದಿನವನ್ನು ಹೇಳಿ ಹೋಗಲಿ. ಮಕ್ಕಳನ್ನು ಶಿಬಿರಕ್ಕೆ ಕಳಿಸುವ ತಂದೆತಾಯಿಗಳು, ಅವರು ತಂದ ಕಾಗದಕ್ಕೆ ಕಟ್ಟು ಹಾಕಿಸುವ ಮೊದಲು, ಊಟಕ್ಕೆ ಕೂತಾಗ ಒಂದು ಮಾತು ಕೇಳಲಿ: “ಏನಪ್ಪಾ, ಏನವ್ವಾ, ಇವತ್ತು ಎದುರಿನವರು ಏನಂದರು? ನೀನೇನಂದೆ?” ಮಗು ಅದಕ್ಕೆ ನೆಟ್ಟಗೆ ಉತ್ತರ ಹೇಳಿದರೆ ಕಲಿಕೆ ಆಗಿದೆ. ಹೇಳಲಾರದಿದ್ದರೆ, ಆ ಕಾಗದವನ್ನು ಹಿಡಿದುಕೊಂಡು ಪ್ರಾಂಶುಪಾಲರ ಕೋಣೆಗೆ ಹೋಗಿ, ನನ್ನ ಮಗುವಿಗೆ ಇದು ಬೇಡ, ವಾರಕ್ಕೊಂದು ತರಗತಿ ಬೇಕು ಎಂದು ಎದುರು ನಿಂತು ಕೇಳಲಿ. ಬರೆದುಕೊಂಡು ಹೋಗದೆ ಕೇಳಲಿ.